ಜಾಗರದ ನಗೆ

ದೇವರ ಮುಂದಿನ ಕುಣಿತದಲ್ಲಿ ಪ್ರಣಯಕ್ಕೂ ಗೇಲಿಗೂ ಎಡೆಯಿದ್ದರೆ ಅದನ್ನು ಪೂಜೆ ಎನ್ನಬಹುದೇ ಎಂಬುದು ಹಳೆಯ ಪ್ರಶ್ನೆ. ಗಂಗೈ ಅಮರನ್ 1989ರಲ್ಲಿ ನಿರ್ದೇಶಿಸಿದ ‘ಕರಗಾಟ್ಟಕ್ಕಾರನ್’ ಎಂಬ ತಮಿಳು ಚಿತ್ರವು ಮಾರಿಯಮ್ಮನ ಸೇವೆಗೆ ಸೇರಿದ ಕರಗದ ಕುಣಿತವನ್ನು ಇಬ್ಬರು ಕಲಾವಿದರ ಪ್ರೇಮಕಥೆಗೂ ಗೌಂಡಮಣಿ, ಸೆಂದಿಲ್ ಜೋಡಿಯ ಹಾಸ್ಯಕ್ಕೂ ಒಗ್ಗಿಸಿಕೊಂಡಿತು. ಸೇವೆಯು ಇಲ್ಲಿ ಮನರಂಜನೆಯಾಗಿ ಇಳಿಯಿತೆಂದು ಆಕ್ಷೇಪಿಸುವವರು, ಸೇವೆಯೊಳಗೆ ಮೊದಲು ನಗೆಯೇ ಇರಲಿಲ್ಲವೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಗೋವೆಯ ಜಾಗರವನ್ನು ಬಲ್ಲವರು ಹಾಗೆ ಒಪ್ಪಲಾರರು.

ಜಾಗರವೆಂದರೆ ಗ್ರಾಮದೈವದ ಹೆಸರಿನಲ್ಲಿ ರಾತ್ರಿ ಎಚ್ಚರವಿದ್ದು ಸಲ್ಲಿಸುವ ಹಾಡು, ಕುಣಿತ, ಸೋಗುಗಳ ಸೇವೆ. ಪೆರಣಿ ಸಮುದಾಯದವರು ಮರದ ಮುಖವಾಡ ತೊಟ್ಟು ನಡೆಸುವ ಜಾಗರವೊಂದು ಬಗೆಯದಾದರೆ, ಗಾವಡಾ ಸಮುದಾಯದ ಜಾಗರ ಇನ್ನೊಂದು ಬಗೆಯದು. ಎರಡನೆಯದರಲ್ಲಿ ಆದಿಯಿಂದ ಅಂತ್ಯದವರೆಗೆ ಸಾಗುವ ಕಥೆಯಿಲ್ಲ, ಊರಿನ ಬಗೆಬಗೆಯ ಜನರ ಸೋಗುಗಳು ಒಂದರ ಹಿಂದೊಂದು ಬಂದು ನಗಿಸಿ ಹೋಗುತ್ತವೆ. ಬಾರ್ದೇಸ್ ತಾಲೂಕಿನ ಶಿವೋಲಿಯಲ್ಲಿ ಕ್ರಿಸ್ಮಸ್ ಕಳೆದ ಮೊದಲ ಸೋಮವಾರ ನಡೆಯುವ ಜಾಗರದಲ್ಲಿ ಹಿಂದೂಗಳೂ ಕ್ಯಾಥೊಲಿಕರೂ ಕೂಡುತ್ತಾರೆ. ಊರ ಕಾವಲಿಗನೆಂದು ನಂಬಲಾದ ಜಾಗರ್ಯೊ ದೈವಕ್ಕೆ ಎಣ್ಣೆಯೂ ಮೇಣದಬತ್ತಿಯೂ ಸಲ್ಲುತ್ತವೆ. 1560ರಲ್ಲಿ ಗೋವೆಗೆ ಬಂದು 1812ರವರೆಗೆ ಇದ್ದ ಇನ್‌ಕ್ವಿಸಿಷನ್, ಅಂದರೆ ಮತವಿಚಾರಣೆಯ ನ್ಯಾಯಪೀಠ, ಮತಾಂತರಗೊಂಡವರ ಹಳೆಯ ಆಚರಣೆಗಳನ್ನು ಬೇರುಸಹಿತ ಕೀಳಲು 1736ರ ಶಾಸನದಂತಹ ಕಟ್ಟಪ್ಪಣೆಗಳನ್ನು ಹೊರಡಿಸಿದ್ದರೂ ಈ ಕೂಟ ಉಳಿದುಬಂದಿದೆ.

ನಗೆಯ ಬಗೆಗಿನ ಅಳುಕು ಪಾದ್ರಿಗಳದ್ದಷ್ಟೇ ಅಲ್ಲ. ನಾಟ್ಯವನ್ನು ಐದನೆಯ ವೇದವೆಂದು ಕರೆದ, ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆಂದು ಹೇಳಿದ ನಾಟ್ಯಶಾಸ್ತ್ರವೇ ತನ್ನ ಕೊನೆಯ ಭಾಗದಲ್ಲಿ, ಋಷಿಗಳನ್ನು ಅಣಕಿಸಿದ, ನಟರಾದ ಭರತಪುತ್ರರು ಶಾಪಗ್ರಸ್ತರಾಗಿ ಶೂದ್ರತ್ವಕ್ಕೆ ಇಳಿದ ಕಥೆಯನ್ನು ಹೇಳುತ್ತದೆ. ಕಲೆಗೆ ವೇದದ ಪಟ್ಟ, ಕಲಾವಿದನಿಗೆ ಶಾಪ: ಸೋಗು ಹಾಕುವವರನ್ನು ಊರು ಕೇರಿಯ ಅಂಚಿನಲ್ಲೇ ಇಟ್ಟುದಕ್ಕೆ ಇಷ್ಟು ಅನುಕೂಲವಾದ ಸಮರ್ಥನೆ ಬೇರೆ ಸಿಗದು.

ಹಾಗಾದರೆ ಸೇವೆಯನ್ನೂ ಮನರಂಜನೆಯನ್ನೂ ಬೇರ್ಪಡಿಸುವುದು ಯಾವುದು? ಗಾಂಭೀರ್ಯವಂತೂ ಅಲ್ಲ. ಈ ಪ್ರಶ್ನೆಗೆ ರಸಶಾಸ್ತ್ರಕ್ಕಿಂತ ಮೀಮಾಂಸೆ, ಎಂದರೆ ವೇದೋಕ್ತ ಕರ್ಮಗಳ ಸ್ವರೂಪವನ್ನು ವಿಚಾರಿಸುವ ದರ್ಶನ, ಹೆಚ್ಚು ನೆರವಾಗುತ್ತದೆ. ಫಲವನ್ನು ಬಯಸಿ ಮಾಡುವುದು ಕಾಮ್ಯಕರ್ಮ. ಮಾಡಲೇಬೇಕಾದದ್ದು, ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ, ತಟ್ಟುವಂಥದ್ದು ನಿತ್ಯಕರ್ಮ. ದಕ್ಷಿಣ ಕನ್ನಡದಲ್ಲಿ ಭಕ್ತನೊಬ್ಬ ಕಟೀಲಿನ ಯಕ್ಷಗಾನ ಮೇಳಕ್ಕೆ ಹೇಳಿಕೊಂಡು ಆಡಿಸುವ ಹರಕೆಯಾಟ ಕಾಮ್ಯಕ್ಕೆ ಹತ್ತಿರವಾದುದು. ಶಿವೋಲಿಯ ಜಾಗರವಾದರೋ ಯಾರೊಬ್ಬರ ಹರಕೆಯೂ ಅಲ್ಲ. ಪಾತ್ರಗಳು ಮನೆತನಗಳಿಗೆ ಅಂಟಿಕೊಂಡು ಬಂದಿರುವುದರಿಂದ, ನಗಿಸುವ ಸೋಗು ಕೂಡ ತಪ್ಪಿಸಬಾರದ ಹೊಣೆಯಾಗಿದೆ. ಚಿತ್ರಮಂದಿರದ ನಗೆ ಯಾರನ್ನೂ ಹೀಗೆ ಕಟ್ಟಿಹಾಕುವುದಿಲ್ಲ. ಸರ್ಕಾರಿ ಉತ್ಸವದ ವೇದಿಕೆಗೆ ಬಂದ ಜಾಗರದಲ್ಲೂ ಮಾತು, ತಾಳ, ವೇಷಗಳು ಅವೇ ಇರಬಹುದು, ಆದರೆ ಅಲ್ಲಿ ಪ್ರತ್ಯವಾಯವಿಲ್ಲ.

ಮೀಮಾಂಸಕನು ಜಾಗರವನ್ನು ನಿತ್ಯಕರ್ಮವೆಂದು ಒಪ್ಪುವುದು ಕಷ್ಟ. ನಿತ್ಯಕರ್ಮಕ್ಕೆ ವೇದದ ವಿಧಿವಾಕ್ಯವೇ ಪ್ರಮಾಣ, ಅದನ್ನು ಮಾಡುವ ಅಧಿಕಾರವೂ, ಅಂದರೆ ಅರ್ಹತೆಯೂ, ಶಾಸ್ತ್ರದಿಂದಲೇ ನಿರ್ಣಯವಾಗುತ್ತದೆ. ಜಾಗರಕ್ಕೆ ವೇದದ ವಿಧಿಯೂ ಇಲ್ಲ, ಚರ್ಚಿನ ಆಜ್ಞೆಯೂ ಇಲ್ಲ. ಒಂದೇ ಕಾವಲಿಗನ ಎಲ್ಲೆಯೊಳಗೆ ವಾಸವಾಗಿರುವುದೇ ಇಲ್ಲಿನ ಅಧಿಕಾರವೆನ್ನಬೇಕಾಗುತ್ತದೆ, ಮತ್ತು ಬೇರೆ ಬೇರೆ ಮತದ ಇಬ್ಬರು ನೆರೆಯವರಿಗೆ ಆ ಅಧಿಕಾರ ಸಮನಾಗಿ ದೊರೆತಿರುವುದು ಅದೇ ಕಾರಣಕ್ಕೆ.