ಶಿಶುವಿನ ಆಯುಷ್ಯವೂ ಶ್ರಾವಕರ ಹೊಣೆಯೂ

ಸುಮಾರು ನಾಲ್ವತ್ತು ವರ್ಷಗಳ ಹಿಂದಿನ ಮಾತು. ರೋಣದಲ್ಲಿ ನಮ್ಮ ನೆರೆಯ ಶ್ರಾವಕರೊಬ್ಬರ ಮನೆಯಲ್ಲಿ ಎರಡು ವರ್ಷದ ಹೆಣ್ಣುಕೂಸೊಂದಿತ್ತು. ಅತ್ತರೆ ಅದರ ತುಟಿ, ಉಗುರು ನೀಲಿಗಟ್ಟುತ್ತಿದ್ದವು. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಿನಲ್ಲಿ ಕುಳಿತು ಏದುತ್ತಿತ್ತು. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿದೆಯೆಂದೂ ವೆಲ್ಲೂರಿಗೆ ಒಯ್ಯಬೇಕೆಂದೂ ವೈದ್ಯರು ಹೇಳಿದ್ದರು. "ಮಾಸ್ತರ್ರ, ಕೂಸನ್ನ ಒಯ್ಯೂಣೋ, ನೋಂಪಿ ಹಿಡಿಯೂಣೋ?" ಎಂದು ತಾಯಿ ಕೇಳಿದಳು. ಶಾಸ್ತ್ರಾಭ್ಯಾಸದ ಹೊಸ ಹುರುಪಿನಲ್ಲಿದ್ದ ನಾನು, "ಆಯುಕರ್ಮ ಇದ್ದಷ್ಟೇ ಆಯುಷ್ಯ, ತಂಗಿ" ಎಂದುಬಿಟ್ಟೆ. ಆಕೆ ನೋಂಪಿ ಹಿಡಿದಳು. ಮರುವರ್ಷ ಕೂಸು ತೀರಿಕೊಂಡಿತು.

ನಾನು ಹೇಳಿದ್ದು ಅರ್ಧ ಶಾಸ್ತ್ರ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವನ್ನು ವಾಚಕರು ನೆನೆಯಬೇಕು. ದೇವ-ನಾರಕಿಗಳು, ಚರಮೋತ್ತಮದೇಹಿಗಳು, ಭೋಗಭೂಮಿಜರು, ಇವರ ಆಯುಷ್ಯ ಮಾತ್ರ ನಡುವೆ ಕಡಿಯದು. ನಮ್ಮಂಥವರದು ವಿಷ, ಶಸ್ತ್ರ, ರೋಗಾದಿ ನಿಮಿತ್ತಗಳಿಂದ ಅಕಾಲದಲ್ಲಿಯೇ ತೀರಬಹುದು. ಎಣ್ಣೆ ತೀರಿ ಆರುವ ದೀಪ ಬೇರೆ, ಗಾಳಿಗೆ ಆರುವ ದೀಪ ಬೇರೆ. ಅಕಾಲಮರಣವೇ ಇಲ್ಲವೆಂದರೆ ಆಯುರ್ವೇದವೇ ವ್ಯರ್ಥವಾದೀತೆಂಬುದು ಅಕಲಂಕದೇವರ ರಾಜವಾರ್ತಿಕದ ವಾದ.

ಆ ಕೂಸಿನ ಲಕ್ಷಣಗಳನ್ನು ಈಗ ನೆನೆದರೆ, ಅದು ನಾಲ್ಕು ದೋಷಗಳು ಕೂಡಿದ ಫ್ಯಾಲೋ ವಿಕಾರವೆಂದೇ ತೋರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇಂಥ ಕೂಸುಗಳಲ್ಲಿ ಸುಮಾರು ಅರ್ಧದಷ್ಟು 3 ವರ್ಷ ದಾಟವು. 10 ವರ್ಷ ದಾಟುವುದು ನಾಲ್ಕರಲ್ಲಿ ಒಂದು. 1944ರಲ್ಲಿ ಅಮೆರಿಕೆಯ ಬಾಲ್ಟಿಮೋರಿನಲ್ಲಿ ಹೆಲೆನ್ ಟಾಸಿಗ್ ಅವರ ಸೂಚನೆಯಂತೆ ಆಲ್ಫ್ರೆಡ್ ಬ್ಲಾಲಾಕ್ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಯುವಂತೆ ನಾಳವನ್ನು ಜೋಡಿಸಿದರು. 1954ರಲ್ಲಿ ಲಿಲ್ಲೆಹೈ ಹೃದಯವನ್ನೇ ತೆರೆದು ದೋಷವನ್ನು ಸರಿಪಡಿಸಿದರು. ಆ ಆರಂಭಕಾಲದಲ್ಲಿ ಶಸ್ತ್ರಚಿಕಿತ್ಸೆಯ ಗಂಡಾಂತರವನ್ನು ದಾಟಿದವರ ಲೆಕ್ಕವನ್ನು ಮೇಯೋ ಚಿಕಿತ್ಸಾಲಯದವರು 1993ರಲ್ಲಿ ಪ್ರಕಟಿಸಿದರು: 32 ವರ್ಷಗಳ ತರುವಾಯವೂ ಬದುಕಿದ್ದವರು 100ಕ್ಕೆ 86. ಅವರಿಗೆ ಜೀವನಪೂರ್ತಿ ತಪಾಸಣೆ ಬೇಕು, ನಿಜ.

ಹಾಗಾದರೆ ಈಚೆಗೆ ಹುಟ್ಟುವ ಜೀವಗಳೆಲ್ಲ ದೀರ್ಘಾಯುಷ್ಯವನ್ನೇ ಕಟ್ಟಿಕೊಂಡು ಬರುತ್ತಿವೆಯೆ? ಹಾಗೆನ್ನುವವರೂ ಉಂಟು. ನನಗೆ ತೋರುವುದು ಬೇರೆ. ಕಟ್ಟಿದ ಆಯುಷ್ಯಕ್ಕೆ ವೈದ್ಯನು ಒಂದು ಕ್ಷಣವನ್ನೂ ಕೂಡಿಸಲಾರನು; ಗಾಳಿಗೆ ಕೈ ಅಡ್ಡ ಹಿಡಿಯುತ್ತಾನೆ, ಅಷ್ಟೆ. ಎಣ್ಣೆ ಎಷ್ಟಿದೆಯೆಂಬುದನ್ನು ಕೇವಲಿಗಳು ಬಲ್ಲರು. ಅರಿಯದ ನಾನು 'ಇದ್ದಷ್ಟೇ' ಎಂದು ತೀರ್ಪು ಕೊಟ್ಟದ್ದು ಪ್ರಮಾದ. ನೋಂಪಿಯನ್ನು ಹಳಿಯುತ್ತಿಲ್ಲ, ಅದು ಹಿಡಿದವರ ಕರ್ಮನಿರ್ಜರೆಗೆ. ಕೂಸಿನ ಹೃದಯದ ರಂಧ್ರವನ್ನು ಮುಚ್ಚಬೇಕೆಂದು ಅದನ್ನು ಯಾವ ಆಚಾರ್ಯರೂ ವಿಧಿಸಲಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ, ಶಾಲೆಗೆ ತಾನೇ ಬಂದು ಜನ್ಮದೋಷಗಳನ್ನು ಪರೀಕ್ಷಿಸುತ್ತದೆ. ಮುಂದಿನ ಚಿಕಿತ್ಸೆ ಉಚಿತ. ರೋಣ, ನರಗುಂದ, ಗಜೇಂದ್ರಗಡದ ನಮ್ಮ ಮನೆಗಳವರು ಆ ದಿನ ಕೂಸನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು.

ಆ ತಾಯಿ ಈಗ ಗಜೇಂದ್ರಗಡದಲ್ಲಿ ಮಗನ ಮನೆಯಲ್ಲಿದ್ದಾಳೆ. ಕಳೆದ ಕ್ಷಮಾವಾಣಿಯಂದು ಹೋಗಿ ಕೈಮುಗಿದು ಕ್ಷಮೆ ಬೇಡಿದೆ. "ಆಕೀ ಆಯುಷ್ಯ ಅಷ್ಟ ಇತ್ತು, ಮಾಸ್ತರ್ರ" ಎಂದಳು.