ಬಾಡಿಗೆದಾರನ ತಪ್ಪು, ಮನೆಯೊಡೆಯನ ವ್ರತ

ಪರ್ವದಿನಗಳಲ್ಲಿ ಉಪವಾಸ ಮಾಡುವುದು ಅಭ್ಯಾಸಬಲದಿಂದ ಸುಲಭವಾಗಬಹುದು. ಹಣಕಾಸಿನ ವ್ಯವಹಾರದಲ್ಲಿ ವ್ರತವನ್ನು ಉಳಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ನಮ್ಮ ಅನೇಕ ಕುಟುಂಬಗಳಿಗೆ ಮನೆಬಾಡಿಗೆಯೂ ಜೀವನೋಪಾಯದ ಒಂದು ಭಾಗ. ಬಾಡಿಗೆಗೆ ಇದ್ದವನು ಮನೆಯನ್ನು ಕೆಡಿಸಿದಾಗ ಒಡೆಯನಾದ ಶ್ರಾವಕನು ಹೇಗೆ ವರ್ತಿಸಬೇಕು? ಕ್ಷಮೆಯೆಂದು ಸುಮ್ಮನಿರಬೇಕೆ, ನಷ್ಟವನ್ನು ವಸೂಲು ಮಾಡಬೇಕೆ? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ; ನನ್ನ ಮನೆಯ ಹಿತ್ತಲಿನಿಂದ ಬಂದುದು.

ನಮ್ಮ ಮನೆಯ ಹಿಂಭಾಗದಲ್ಲಿ ಒಂದು ಸಂಸಾರ ಆರು ವರ್ಷ ಬಾಡಿಗೆಗಿತ್ತು. ಕೊನೆಯ ವರ್ಷ ಬಚ್ಚಲಿನ ಕೊಳವೆ ಒಡೆದು ನೀರು ಗೋಡೆಗೆ ಇಳಿಯುತ್ತಿದ್ದರೂ ಅವರು ತಿಂಗಳುಗಟ್ಟಲೆ ತಿಳಿಸಲಿಲ್ಲ. ಅಡಿಗೆಮನೆಯ ಕಡಪದ ಕಲ್ಲು ಸೀಳಿತ್ತು. ಎರಡು ಕಿಟಕಿಯ ಬಾಗಿಲುಗಳು ಮುರಿದಿದ್ದವು. ಕೇಳಿದರೆ ಆ ಮನೆಯ ಯಜಮಾನರು, "ನಿಮ್ಮ ಮನೆ ಮೊದಲಿನಿಂದಲೂ ಹೀಗೆಯೇ ಇತ್ತು" ಎಂದು ಒರಟಾಗಿ ನುಡಿದರು. ಅಂದು ಚತುರ್ದಶಿ, ನನಗೆ ಉಪವಾಸ. ಸಾಮಾಯಿಕಕ್ಕೆ ಕುಳಿತರೆ ಮನಸ್ಸಿನಲ್ಲಿ ಸುಳಿದುದು ಒಂದೇ ಉಪಾಯ: ಮೇಲಿನ ತೊಟ್ಟಿಯಿಂದ ಅವರ ಕಡೆಗೆ ಹೋಗುವ ನೀರನ್ನು ಬಂದುಮಾಡಿಬಿಡುವುದು. ಎರಡು ದಿನಗಳಲ್ಲಿ ತಾವಾಗಿಯೇ ದಾರಿಗೆ ಬರುತ್ತಾರೆ!

ಆಗ ನೆನಪಾದುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ಅಹಿಂಸಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ದನಕರುಗಳನ್ನೂ ಆಶ್ರಿತರನ್ನೂ ಮುಂದಿಟ್ಟುಕೊಂಡು ಇದನ್ನು ವಿವರಿಸುವುದು ವಾಡಿಕೆ. ಆದರೆ ಯಾರ ನೀರು ನಮ್ಮ ಕೈಯಲ್ಲಿದೆಯೋ ಅವರೆಲ್ಲರಿಗೂ ಇದು ಅನ್ವಯಿಸದೆ ಇರುವುದೆಂತು? ತನ್ನ ಅನ್ನಪಾನವನ್ನು ತಾನೇ ಬಿಟ್ಟರೆ ಉಪವಾಸ. ಇನ್ನೊಬ್ಬನ ಅನ್ನಪಾನವನ್ನು ತಡೆದರೆ ಅತಿಚಾರ. ಚತುರ್ವಿಧಾಹಾರವನ್ನು ತ್ಯಜಿಸಿ ಕುಳಿತಿದ್ದ ನಾನು ಪರರ ಮಕ್ಕಳ ನೀರನ್ನು ಕಟ್ಟಲು ಹೊರಟಿದ್ದೆ! ಆ ಉಪವಾಸದಿಂದ ಕೃಶವಾದುದು ದೇಹ ಮಾತ್ರ, ಕಷಾಯವಲ್ಲ.

ಹಾಗಾದರೆ ನಷ್ಟವನ್ನು ನುಂಗಿಕೊಂಡು ಸುಮ್ಮನಿರುವುದೇ ಧರ್ಮವೆ? ಅಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಅವಶ್ಯವಾಗಿ ಬಿಡಬೇಕೆಂದು ವಿಧಿಸಿದ್ದಾರೆ. ತನ್ನದನ್ನು ನ್ಯಾಯವಾಗಿ ರಕ್ಷಿಸಿಕೊಳ್ಳುವುದು ಅವನಿಗೆ ನಿಷಿದ್ಧವಲ್ಲ. ಬಾಯಲ್ಲಿ ಮೌನ, ಎದೆಯಲ್ಲಿ ಹಗೆ ಇದ್ದರೆ ಅದು ಉತ್ತಮ ಕ್ಷಮೆಯೂ ಅಲ್ಲ. ಲೌಕಿಕ ನ್ಯಾಯವೂ ಇಲ್ಲಿ ಸ್ಪಷ್ಟವಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ಬಾಡಿಗೆದಾರನು ತಾನು ಪಡೆದ ಸ್ಥಿತಿಯಲ್ಲಿಯೇ ಮನೆಯನ್ನು ಹಿಂದಿರುಗಿಸಬೇಕು. ಸಹಜವಾದ ಸವೆತಕ್ಕೂ ತಡೆಯಲಾಗದ ಆಪತ್ತಿಗೂ ಅವನು ಹೊಣೆಯಲ್ಲ. ಅವನ ತಪ್ಪಿನಿಂದಾದ ಕೆಡಕನ್ನು ಒಡೆಯನು ತಿಳಿಸಿದ ಮೂರು ತಿಂಗಳೊಳಗೆ ಅವನೇ ಸರಿಪಡಿಸಬೇಕು. ಸವೆತವನ್ನೂ ಕೆಡಕನ್ನೂ ಬೇರ್ಪಡಿಸುವ ಈ ವಿವೇಕವೇ ಶ್ರಾವಕನಿಗೂ ಬೇಕಾದುದು.

ಮರುದಿನ ಪಾರಣೆಯಾದ ಮೇಲೆ ಇಬ್ಬರಿಗೂ ಪರಿಚಿತನಾದ ಗಾರೆಯವನನ್ನು ಕರೆಸಿ, ಅವರ ಎದುರಿನಲ್ಲಿಯೇ ಲೆಕ್ಕ ಹಾಕಿಸಿದೆ. ಕೊಳವೆ ಹಳೆಯದು, ಅದರ ಖರ್ಚು ನನ್ನದು. ಆರು ವರ್ಷದ ಸುಣ್ಣಬಣ್ಣ ಮಾಸಿದ್ದು ಸವೆತ, ಅದೂ ನನ್ನದು. ಸೋರಿಕೆಯನ್ನು ಮುಚ್ಚಿಟ್ಟುದರಿಂದ ಕೆಟ್ಟ ಗೋಡೆ, ಕಲ್ಲು, ಕಿಟಕಿ ಅವರವು: ಒಟ್ಟು 9,000 ರೂಪಾಯಿ. "ಹದಿನೈದು ಎಂದು ಬರೆದುಕೊಡಲೆ?" ಎಂದು ಗಾರೆಯವನು ನನ್ನ ಕಿವಿಯಲ್ಲಿ ಕೇಳಿದನು. ಅದು ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆ, ಬೇಡವೆಂದೆ.

ನಿಜವಾದ ಪರೀಕ್ಷೆ ಮನೆ ಬಿಡುವ ದಿನ ಬಂದಿತು. "ಮುಂಗಡ 40,000. ಒಂಬತ್ತು ಕಳೆದು 31,000 ಕೊಟ್ಟುಬಿಡಿ" ಎಂದರು ಅವರು. ನನ್ನ ಲೆಕ್ಕದ ಪುಸ್ತಕದಲ್ಲಿ 45,000 ಎಂದಿತ್ತು. ಮೂರನೆಯ ವರ್ಷ ಕೊಟ್ಟಿದ್ದ ಐದು ಸಾವಿರವನ್ನು ಅವರು ಮರೆತಿದ್ದರು. ನನ್ನ ಸುಣ್ಣಬಣ್ಣದ ಖರ್ಚು ಇದರಲ್ಲಿಯೇ ತೀರುತ್ತಿತ್ತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. "ಆಗಲಿ" ಎಂದರೆ ಸಾಕಾಗಿತ್ತು. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವನ್ನು ವಿವರಿಸುವುದು ಇದೇ ಸಂದರ್ಭದಿಂದ: ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ "ಹಾಗೆಯೇ ಸರಿ" ಎಂದುಬಿಡುವುದು. ಅದರಿಂದ ನನಗೆ ತಿಳಿದುದಿಷ್ಟು: ಮುಂಗಡದ ಹಣವು ಒಡೆಯನ ಕೈಯಲ್ಲಿರುವ ನ್ಯಾಸ. ಬಾಡಿಗೆದಾರನ ದುರ್ನಡತೆಯು ಅದನ್ನು ನಮ್ಮದಾಗಿ ಮಾಡುವುದಿಲ್ಲ.

ಪುಸ್ತಕವನ್ನು ತೋರಿಸಿ 36,000 ಎಣಿಸಿಕೊಟ್ಟೆ. ಅವರು ಎರಡು ಬಾರಿ ಎಣಿಸಿಕೊಂಡು, ಒಂದು ಮಾತೂ ಆಡದೆ ಹೊರಟರು. ಕೃತಜ್ಞತೆಯನ್ನು ನಿರೀಕ್ಷಿಸಿದ್ದ ನನ್ನ ಮನಸ್ಸು ಕ್ಷಣಕಾಲ ನೊಂದಿತು. ಅದೂ ಒಂದು ಲೋಭವೆಂದು ಆಮೇಲೆ ತಿಳಿಯಿತು.

ಗೋಡೆಯನ್ನು ಕೆಡಿಸಿದವನು ಗೋಡೆಯನ್ನಷ್ಟೇ ಕೆಡಿಸಬಲ್ಲ. ನಮ್ಮ ವ್ರತವನ್ನು ಕೆಡಿಸಲು ಅವನಿಂದ ಆಗದು. ಅದು ನಮ್ಮಿಂದಲೇ ಆಗಬೇಕು. ಆದುದರಿಂದ ಬಾಡಿಗೆಗೆ ಮನೆ ಕೊಡುವ ಶ್ರಾವಕ ಬಂಧುಗಳು, ಮನೆಯ ಸ್ಥಿತಿಯನ್ನು ಮೊದಲ ದಿನವೇ ಇಬ್ಬರೂ ನೋಡಿ ಬರೆದಿಟ್ಟುಕೊಳ್ಳಲಿ. ನ್ಯಾಯವಾದುದನ್ನು ನಿರ್ಭಯವಾಗಿ ಕೇಳಲಿ. ಅದರಿಂದಾಚೆಗೆ ಒಂದು ಕಾಸನ್ನೂ ಮುಟ್ಟದಿರಲಿ. ಮುಂದಿನ ಚತುರ್ದಶಿಯ ಉಪವಾಸಕ್ಕೆ ಕುಳಿತಾಗ ಮನಸ್ಸು ಹಗುರಾಗಿರುವುದು.