ಸುಜೂದ್‌ಗೂ ಹೊತ್ತು ಗೊತ್ತು ಉಂಟೇ?

ದಾಸನು ತನ್ನ ಪ್ರಭುವಿಗೆ ಅತ್ಯಂತ ಸಮೀಪನಾಗುವುದು ಸುಜೂದ್‌ನಲ್ಲಿ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಹಾಗಿದ್ದರೆ ದಿನದ ಕೆಲವು ಗಳಿಗೆಗಳಲ್ಲಿ ಅದಕ್ಕೇ ತಡೆಯೇಕೆ? ಒಳ್ಳೆಯದು ಯಾವ ಹೊತ್ತಿನಲ್ಲಿ ಮಾಡಿದರೂ ಒಳ್ಳೆಯದೇ ಅಲ್ಲವೇ? ಈ ಪ್ರಶ್ನೆಯನ್ನು ನಾನು ಕಿತಾಬಿನಿಂದ ಎತ್ತಿಕೊಂಡಿಲ್ಲ. ನನ್ನಿಂದಲೇ ಆದ ಒಂದು ತಪ್ಪು ಇದರ ಹಿಂದಿದೆ.

ಮದ್ರಸದ ಓದು ಮುಗಿಸಿ, ಕನ್ನಡದ ಬಿ.ಎ.ಯನ್ನೂ ಹೇಗೋ ಪಾಸು ಮಾಡಿಕೊಂಡು, ವಿಜಯಪುರ ಸಮೀಪದ ಅರಕೇರಿಯಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದ್ದ ಹೊಸತು. ಫೆಬ್ರವರಿ ತಿಂಗಳು. ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲಿನ ಭರಾಟೆ. ಒಂದು ಸಂಜೆ ತೋಟದ ಕೆಲಸ ಮುಗಿಸಿ ಓಡುತ್ತ ಬಂದ ಕೂಲಿಯವರೊಬ್ಬರು, ಕೈಯ ಅಂಟು ಇನ್ನೂ ಹೋಗಿರಲಿಲ್ಲ, "ಮಾಸ್ತರ, ಅಸರ್ ಉಳದೈತ್ರಿ. ಈಗ ಮಾಡ್ಲೇನ್ರಿ?" ಎಂದು ಕೇಳಿದರು. ಸೂರ್ಯ ಕೆಂಪಾಗಿ ಜೋಳದ ಹೊಲದ ಅಂಚಿಗೆ ಇಳಿದಿದ್ದ. "ಈಗ ಮಕ್ರೂಹ್ ಹೊತ್ತು. ಮಗ್ರಿಬ್ ಆದ ಮೇಲೆ ಖಝಾ ಮಾಡಿಕೊಳ್ಳಿ" ಎಂದುಬಿಟ್ಟೆ. ಅವರು ತಕರಾರು ಮಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ರಾತ್ರಿ ಕಿತಾಬು ತೆರೆದು ನೋಡಿದಾಗ ನನ್ನ ಕೈಕಾಲು ತಣ್ಣಗಾದವು.

ಉಕ್ಬಾ ಬಿನ್ ಆಮಿರ್(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್‌ನ ಪ್ರಕಾರ ಪ್ರವಾದಿವರ್ಯರು(ಸ) ಮೂರು ಹೊತ್ತಿನಲ್ಲಿ ನಮಾಝನ್ನು ತಡೆದಿದ್ದಾರೆ. ಸೂರ್ಯ ಉದಯಿಸುತ್ತಿರುವಾಗ, ಅದು ನೆತ್ತಿಯ ಮೇಲಿರುವಾಗ ಮತ್ತು ಮುಳುಗುತ್ತಿರುವಾಗ. ಇದಲ್ಲದೆ ಫಜ್ರ್ ನಮಾಝ್ ಆದ ಮೇಲೆ ಸೂರ್ಯೋದಯದವರೆಗೆ, ಅಸರ್ ಆದ ಮೇಲೆ ಸೂರ್ಯಾಸ್ತದವರೆಗೆ ಐಚ್ಛಿಕ ನಮಾಝ್ ಬೇಡವೆಂಬ ಹದೀಸ್‌ಗಳೂ ಇವೆ. ಇಷ್ಟನ್ನು ನಾನು ಬಾಯಿಪಾಠ ಮಾಡಿದ್ದೆ. ಆದರೆ ಸೂರ್ಯ ಮುಳುಗುವ ಮೊದಲು ಅಸರ್‌ನ ಒಂದೇ ರಕಅತ್ ಸಿಕ್ಕಿದವನಿಗೂ ಅಸರ್ ಸಿಕ್ಕಿತೆಂದು ಅದೇ ಪ್ರವಾದಿವರ್ಯರು(ಸ) ಹೇಳಿರುವುದು ಆ ಸಂಜೆ ನನ್ನ ನಾಲಗೆಗೆ ಬರಲಿಲ್ಲ. ಆ ದಿನದ ಅಸರ್‌ಗೆ ಹನಫಿ ಕರ್ಮಶಾಸ್ತ್ರವೂ ಅಡ್ಡಿ ಹೇಳಿಲ್ಲ. ಕಾರಣವಿಲ್ಲದೆ ಅಷ್ಟು ತಡಮಾಡುವುದು ಮಕ್ರೂಹ್. ತಡವಾದವನು ನಮಾಝ್ ಮಾಡುವುದು ಕಡ್ಡಾಯ. ಎರಡೂ ಬೇರೆ ಬೇರೆ ಮಾತು. ನಾನು ಅವೆರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೆ.

ಈಗ ಮೊದಲ ಪ್ರಶ್ನೆಗೆ ಬನ್ನಿ. ತಡೆಯೇಕೆ? ಅಮ್ರ್ ಬಿನ್ ಅಬಸಾ(ರ) ಅವರ ವರದಿಯಲ್ಲಿ ಕಾರಣ ಸಿಗುತ್ತದೆ. ಉದಯಾಸ್ತಗಳ ಹೊತ್ತಿನಲ್ಲಿ ಸೂರ್ಯಾರಾಧಕರು ಸೂರ್ಯನಿಗೆ ಸಾಷ್ಟಾಂಗವೆರಗುತ್ತಿದ್ದರು. ಕುರ್‌ಆನ್‌ನ 41ನೇ ಅಧ್ಯಾಯದಲ್ಲಿ ಸೂರ್ಯನಿಗೂ ಚಂದ್ರನಿಗೂ ಅಲ್ಲ, ಅವುಗಳನ್ನು ಸೃಷ್ಟಿಸಿದವನಿಗೆ ಸುಜೂದ್ ಮಾಡಿರೆಂಬ ಆಜ್ಞೆಯಿದೆ. ನೀವು ನಮ್ಮ ಜಿಲ್ಲೆಯ ಯಾವುದಾದರೂ ಹೊಲದಲ್ಲಿ ಏಪ್ರಿಲ್ ಕೊನೆಯ ಸಂಜೆ ನಿಂತು ನೋಡಿ. ಇಲ್ಲಿ ಕಿಬ್ಲಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದೆ. ಆ ದಿನಗಳಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಅಲ್ಲಿಯೇ. ದೂರದಿಂದ ನೋಡುವವನಿಗೆ ನೀವು ಯಾರಿಗೆ ತಲೆಬಾಗುತ್ತಿದ್ದೀರಿ ಎಂಬುದು ಹೇಗೆ ತಿಳಿಯಬೇಕು? (ತಡೆ ದಿಕ್ಕಿಗೆ ಸೇರಿದ್ದಲ್ಲ, ಹೊತ್ತಿಗೆ ಸೇರಿದ್ದು. ಮದೀನಾದಲ್ಲಿ ಕಿಬ್ಲಾ ದಕ್ಷಿಣಕ್ಕಿದೆ, ಆದರೂ ಅಲ್ಲಿ ಸೂರ್ಯಾಸ್ತದ ತಡೆ ಇದ್ದೇ ಇದೆ.)

ಆದರೆ ನೋಡುವವನ ಮಾತಷ್ಟೇ ಆಗಿದ್ದರೆ ಬಾಗಿಲು ಹಾಕಿಕೊಂಡು ಮಾಡಿದರೆ ಸಾಕಿತ್ತು. ನನಗೆ ತೋಚುವುದು ಇಷ್ಟು. ಐಚ್ಛಿಕ ನಮಾಝ್‌ನಲ್ಲಿ ಹೊತ್ತನ್ನು ಆರಿಸುವವನು ನಾನು. ಆಕಾಶ ಕೆಂಪಾಯಿತು, ಮನಸ್ಸು ಕರಗಿತು, ಹಣೆ ನೆಲಕ್ಕಿಡೋಣ ಎನಿಸಿತು. ಕರಗಿಸಿದ್ದು ಯಾವುದು? ಆ ಕೆಂಪೋ, ಅದರ ಒಡೆಯನೋ? ಸಾಲ ತೀರಿಸಲು ಓಡಿಬಂದವನಿಗೆ ಈ ಪ್ರಶ್ನೆಯಿಲ್ಲ. ಅವನು ಹೊತ್ತನ್ನು ಆರಿಸಲಿಲ್ಲ, ಹೊತ್ತೇ ಅವನ ಕೈ ಮೀರುತ್ತಿದೆ. ಆದ್ದರಿಂದಲೇ ತಡೆ ನನ್ನ ಇಷ್ಟದ ಮೇಲೆ ಬೀಳುತ್ತದೆ, ಅವನ ಬಾಧ್ಯತೆಯ ಮೇಲೆ ಅಲ್ಲ.

ಬಾಧ್ಯತೆಗೂ ಮಿತಿಯಿದೆ. ಫಜ್ರ್ ಮಾಡುತ್ತಿರುವಾಗಲೇ ಸೂರ್ಯ ಮೂಡಿದರೆ ಆ ನಮಾಝ್ ಕೆಡುತ್ತದೆಂದು ಹನಫಿಗಳು, ಒಂದು ರಕಅತ್ ಮೊದಲೇ ಸಿಕ್ಕಿದ್ದರೆ ಕೂಡುತ್ತದೆಂದು ಶಾಫಿಈಗಳು ಹೇಳುತ್ತಾರೆ. ಹನಫಿ ವಿದ್ವಾಂಸರ ತರ್ಕ ಸೊಗಸಾಗಿದೆ. ಫಜ್ರ್‌ನ ಸಮಯ ಕೊನೆಯ ಕ್ಷಣದವರೆಗೂ ನಿರ್ದೋಷ, ಆದ್ದರಿಂದ ಅದನ್ನು ನಿರ್ದೋಷವಾಗಿಯೇ ತೀರಿಸಬೇಕು. ಅಸರ್‌ನ ಅಂತ್ಯದಲ್ಲಿ ಸಮಯವೇ ಕುಂದಿದೆ, ಕುಂದಿದ ಹೊತ್ತಿನಲ್ಲಿ ಬಂದ ಬಾಧ್ಯತೆ ಹಾಗೆಯೇ ತೀರುತ್ತದೆ.

ಇನ್ನು ನಡುಹಗಲಿನ ವಿಷಯ. ಹನ್ನೆರಡು ಹೊಡೆಯಿತೆಂದರೆ ತಡೆಯ ಹೊತ್ತು ಬಂತು ಎನ್ನುವವರಿದ್ದಾರೆ. ಗಡಿಯಾರ ಇಡೀ ಭಾರತದ್ದು, ಸೂರ್ಯ ನಮ್ಮೂರಿನದು. ವಿಜಯಪುರದಲ್ಲಿ ಸೂರ್ಯ ಅತ್ಯುಚ್ಚಕ್ಕೆ ಬರುವುದು ಸರಾಸರಿ 12 ಗಂಟೆ 27 ನಿಮಿಷಕ್ಕೆ; ಫೆಬ್ರವರಿಯಲ್ಲಿ ಸುಮಾರು 12-41ಕ್ಕೆ, ನವೆಂಬರ್ ಆರಂಭದಲ್ಲಿ ಸುಮಾರು 12-11ಕ್ಕೆ. ಕೋಲಿನ ನೆರಳು ನೋಡಿ ಕಂಡುಕೊಳ್ಳುತ್ತಿದ್ದ ನಮ್ಮ ಹಿರಿಯರೇ ವಾಸಿ.

ಒಂದು ಮಾತನ್ನು ಹೇಳದೆ ಬಿಡಲಾರೆ. ವಿಜಯಪುರದ ಜಾಮಿಯಾ ಮಸೀದಿಯಲ್ಲಿ ಒಮ್ಮೆ ಅಸರ್ ನಂತರ ಕರಾವಳಿಯ ಯುವಕನೊಬ್ಬ ಬಂದು ಎರಡು ರಕಅತ್ ತಹಿಯ್ಯತುಲ್ ಮಸ್ಜಿದ್ ಮಾಡಿದ. ನಮ್ಮವರೊಬ್ಬರು ಅವನನ್ನು ಗದರಿದರು. ಆತ ಶಾಫಿಈ. ಮಸೀದಿ ಪ್ರವೇಶದಂತಹ ಕಾರಣವಿರುವ ನಮಾಝ್‌ಗೆ ಆ ಹೊತ್ತಿನಲ್ಲಿ ತಡೆಯಿಲ್ಲವೆಂಬುದು ಇಮಾಮ್ ಶಾಫಿಈ(ರ) ಅವರ ಅಭಿಪ್ರಾಯ. ನಮ್ಮ ಇಮಾಮ್ ಅಬೂಹನೀಫಾ(ರ) ಅವರಲ್ಲಿ ಆ ರಿಯಾಯಿತಿಯಿಲ್ಲ. ಇಬ್ಬರ ಕೈಯಲ್ಲೂ ಹದೀಸ್ ಇದೆ. ಆ ಮಸೀದಿಯ ನೆಲದಲ್ಲಿ ಔರಂಗಜೇಬನ ಕಾಲದಲ್ಲಿ ಗೆರೆಯೆಳೆದು ಮಾಡಿದ ಎರಡು ಸಾವಿರಕ್ಕೂ ಮಿಕ್ಕಿದ ನಮಾಝ್ ಚೌಕಗಳಿವೆ. ಆ ಯುವಕನಿಗೆ ಒಂದು ಚೌಕ ಬಿಟ್ಟುಕೊಡಲು ನಮಗೇನು ಕಷ್ಟ?

ಅರಕೇರಿಗೆ ಮರಳುತ್ತೇನೆ. ಮರುದಿನ ತೋಟಕ್ಕೆ ಹೋಗಿ ಆ ಹಿರಿಯರಿಗೆ ನನ್ನ ತಪ್ಪು ಒಪ್ಪಿಕೊಂಡೆ. ಅವರು ಕತ್ತರಿ ಕೆಳಗಿಟ್ಟು, "ಹಂಗಾರ ನಿನ್ನೆ ಹ್ವಾದ ಅಸರ್ ಯಾರ ಲೆಕ್ಕಕ್ಕ ಬರೀತಾರ್ರಿ ಮಾಸ್ತರ?" ಎಂದು ಕೇಳಿದರು. ಕೋಪದಿಂದಲ್ಲ, ನಿಜಕ್ಕೂ ತಿಳಿಯಬೇಕೆಂದು. ನಾನು ಉತ್ತರ ಕೊಡಲಿಲ್ಲ. ತೋಟದ ಮಾಲೀಕರ ಬಳಿ ಹೋಗಿ, ದಿನಾ ಐದೂಕಾಲಕ್ಕೆ ಇವರಿಗೆ ಹತ್ತು ನಿಮಿಷ ಬಿಡುವು ಕೊಡಿ ಎಂದು ಕೇಳಿದೆ. ಕೊಟ್ಟರು.